ಹಂಚಿಕೆಯಾಗದ ನೀರು ಅಂದರೇನು? ಒಂದು ಅಧ್ಯಯನ ಟಿಪ್ಪಣಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಾರವಾರದ ಕಡೆ ‘ನೀರು ಬಿಟ್ಟರು’ ಅಂದರೆ ಮಳೆಗಾಲದಲ್ಲಿ ಕದ್ರಾ ಡ್ಯಾಮಿನ ಗೇಟು ತೆಗೆದರು ಅಂತಲೇ ಅರ್ಥ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವಿಷಯ ಓದುವಾಗ ಆ ಚಿತ್ರವನ್ನು ಪಕ್ಕಕ್ಕಿಡಿ. ಅಲ್ಲಿ ಸರ್ಕಾರ ಹಂಚಿಕೆಯಾಗದ ನೀರನ್ನು, ಅಂದರೆ ಇನ್ನೂ ಯಾರಿಗೂ ಹಕ್ಕು ಕೊಡದೆ ಉಳಿಸಿದ ನೀರನ್ನು, ‘ಬಿಡುಗಡೆ’ ಮಾಡಿತು ಅಂದರೆ ಯಾವ ಗೇಟೂ ತೆರೆಯುವುದಿಲ್ಲ. ಇಷ್ಟು ನೀರು ಎತ್ತಬಹುದು ಎನ್ನುವ ಹಕ್ಕನ್ನು ಕೊಡುತ್ತಾರೆ, ಅಷ್ಟೇ.

ಶಿರಸಿ, ಸಿದ್ದಾಪುರದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಪ್ಪಿನಬೆಟ್ಟ ನೆನಪಿಸಿಕೊಳ್ಳಿ. ಅಡಿಕೆ ತೋಟದವರು ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತರಬಹುದು, ಆದರೆ ಬೆಟ್ಟ ಅವರ ಸ್ವಂತದ್ದಲ್ಲ ಅಲ್ವಾ? ನೀರಿನ ಹಕ್ಕೂ ಹಾಗೇ.

ಈಗ ಲೆಕ್ಕ. ಕ್ವೀನ್ಸ್‌ಲ್ಯಾಂಡಿನ 2000ರ ಜಲ ಕಾಯ್ದೆಯ ಪ್ರಕಾರ ನದಿ ಕಣಿವೆಗಳಿಗೆ ಜಲ ಯೋಜನೆ ಮಾಡುತ್ತಾರೆ. ನದಿ ನದಿಯಾಗಿ ಉಳಿಯಲು ಎಷ್ಟು ಹರಿಯಬೇಕು, ಈಗಾಗಲೇ ಹಕ್ಕಿರುವವರಿಗೆ ಎಷ್ಟು ಸಿಗಬೇಕು ಅಂತ ನೋಡಿ, ಆಮೇಲೂ ಕೊಡಬಹುದಾದದ್ದನ್ನು ಮೀಸಲು ಇಡುತ್ತಾರೆ. ಈ ಮೀಸಲೇ ಹಂಚಿಕೆಯಾಗದ ನೀರು. ಅದರಲ್ಲಿ ಸಾಮಾನ್ಯ ಮೀಸಲು ಬೇಸಾಯ, ಕಾರ್ಖಾನೆ ಯಾವುದಕ್ಕೂ ಆಗುತ್ತದೆ. ಊರಿನ ಕುಡಿಯುವ ನೀರು, ರಾಜ್ಯಕ್ಕೆ ಮುಖ್ಯವಾದ ಯೋಜನೆಗಳಿಗೆ ಬೇರೆ ಮೀಸಲು ಇದೆ, ಕೆಲವು ಕಣಿವೆಗಳಲ್ಲಿ ಮೂಲನಿವಾಸಿಗಳಿಗೂ ಇದೆ. ಕೊಡುವುದು ಹರಾಜು, ಟೆಂಡರ್ ಅಥವಾ ನಿಗದಿತ ಬೆಲೆಯ ಮಾರಾಟದಂಥ ದಾರಿಗಳಲ್ಲಿ.

ನನಗೆ ಬಹಳ ಮುಖ್ಯ ಅನಿಸಿದ್ದು ಷರತ್ತುಗಳು. ವರ್ಷಕ್ಕೆ ಎಷ್ಟು ಎತ್ತಬಹುದು, ಯಾವ ವೇಗದಲ್ಲಿ ಎತ್ತಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಎಷ್ಟೋ ಕಡೆ ನದಿಯ ಹರಿವು ಒಂದು ಮಟ್ಟ ದಾಟಿದ ಮೇಲೆ ಮಾತ್ರ ಪಂಪ್ ಹಚ್ಚಬೇಕು. ಅಂದರೆ ನಮ್ಮ ತೋಟಗಳ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಆಗುವ ಹಾಗೆ ಹಳ್ಳ ಸಣ್ಣಗಾದಾಗ, ನೀರು ತುಂಬಾ ಬೇಕಾದಾಗಲೇ, ಕಾಗದದಲ್ಲಿ ಹಕ್ಕಿದ್ದರೂ ಎತ್ತುವಂತಿಲ್ಲ. ಹಾಗಾಗಿ ಅಲ್ಲಿನ ರೈತರು ಜಮೀನಿನಲ್ಲೇ ದೊಡ್ಡ ಹೊಂಡ ಕಟ್ಟಿ ಮಳೆಗಾಲದ ನೀರು ತುಂಬಿಸಿಕೊಳ್ಳುತ್ತಾರೆ.

ಅಳತೆ ಒಂದು ಗುರುತು ಹಾಕಿಕೊಳ್ಳಿ: 1 ಮೆಗಾಲೀಟರ್ ಅಂದರೆ 10 ಲಕ್ಷ ಲೀಟರ್, ನಮ್ಮ 1 ಟಿಎಂಸಿ (ನೂರು ಕೋಟಿ ಘನ ಅಡಿ) ಅಂದರೆ ಸುಮಾರು 28,317 ಮೆಗಾಲೀಟರ್.

ಇಷ್ಟು ಕಟ್ಟುನಿಟ್ಟು ಯಾಕೆ? ಅದೇ ದೇಶದ ಮರ್ರೆ-ಡಾರ್ಲಿಂಗ್ ಕಣಿವೆ ನೋಡಿ. ಅಲ್ಲಿ ನದಿ ತಾಳಿಕೊಳ್ಳುವುದಕ್ಕಿಂತ ಜಾಸ್ತಿ ಹಕ್ಕು ಕೊಟ್ಟುಬಿಟ್ಟಿದ್ದರು. 1995ರಲ್ಲಿ ಎತ್ತುವ ನೀರಿಗೆ ಮಿತಿ ಹಾಕಬೇಕಾಯಿತು, ಆಮೇಲೆ ನದಿಗೆ ನೀರು ಉಳಿಸಲು ಸರ್ಕಾರವೇ ದುಡ್ಡು ಕೊಟ್ಟು ಹಕ್ಕುಗಳನ್ನು ವಾಪಸ್ ಕೊಂಡಿತು.

ಇಲ್ಲಿ ನಾನು ಅಘನಾಶಿನಿಯನ್ನು ನೆನೆಯದೆ ಇರಲಾರೆ. ಶಿರಸಿಯಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕುಮಟಾದ ಹತ್ತಿರ ಕಡಲು ಸೇರುವ ನದಿ ಅದು. ‘ಸುಮ್ನೆ ಸಮುದ್ರಕ್ಕೆ ಹೋಗುವ ನೀರು’ ಅನ್ನುತ್ತಾರೆ. ಆದರೆ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು, ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು ಬದುಕುವುದೇ ಈ ಸಿಹಿನೀರು ಉಪ್ಪುನೀರು ಕೂಡುವುದರಿಂದ. ಮೇಲಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ಇನ್ನೂ ಒಳಗೆ ಏರುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು.

ಹಾಗಾಗಿ ನಮ್ಮ ಜಿಲ್ಲೆಯ ಇನ್ನೊಂದು ನದಿ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ-ವರದಾ ಜೋಡಣೆಯ ಚರ್ಚೆಯಲ್ಲಿ ‘ಹೆಚ್ಚುವರಿ ನೀರು’ ಅಂತ ಬಂದಾಗ, ನಾನು ಮೊದಲು ಹುಡುಕುವುದು ಅಳಿವೆಯವರೆಗೆ ಎಷ್ಟು ನೀರು ಹರಿಯಲು ಬಿಟ್ಟು ಆ ಲೆಕ್ಕ ಹಾಕಿದ್ದಾರೆ ಅನ್ನುವುದನ್ನು.