ಹ್ಯಾಂಡ್‌ಹೆಲ್ಡ್ ಜಿಪಿಎಸ್: ಗುಡ್ಡ ಸುತ್ತುವವರು ತಿಳಿದು ಕೊಳ್ಳಬೇಕಾದ ಸಾಧನ

ಹ್ಯಾಂಡ್‌ಹೆಲ್ಡ್ ಜಿಪಿಎಸ್ ಅಂದರೆ ಅಂಗೈಯಲ್ಲಿ ಹಿಡಿಸುವ ಒಂದು ಪುಟ್ಟ ಸಾಧನ. ಉಪಗ್ರಹಗಳಿಂದ ಬರುವ ಸಂಕೇತ ಕೇಳಿಸಿಕೊಂಡು, ನಾವು ನಿಂತ ಜಾಗ ಯಾವುದು ಅಂತ ಅದು ಹೇಳುತ್ತದೆ. ಕಾರಿನಲ್ಲಿ ‘ಎಡಕ್ಕೆ ತಿರುಗಿ’ ಅನ್ನುವ ಯಂತ್ರ ಇದಲ್ಲ. ಫೋನೂ ಅಲ್ಲ. ಇದಕ್ಕೆ ಸಿಮ್ ಬೇಡ, ನೆಟ್‌ವರ್ಕ್ ಬೇಡ, ರೀಚಾರ್ಜ್ ಬೇಡ. ಮಾಡುವುದು ಮುಖ್ಯವಾಗಿ ಎರಡು ಕೆಲಸ: ಈಗ ಎಲ್ಲಿದ್ದೀರಿ ಅಂತ ತೋರಿಸುವುದು, ನಡೆದು ಬಂದ ದಾರಿಯನ್ನು ಬರೆದಿಟ್ಟುಕೊಳ್ಳುವುದು. ಕೊಳ್ಳುವಾಗ ಎಲ್ಲರ ಕಣ್ಣು ಮೊದಲನೇ ಕೆಲಸದ ಮೇಲೆ, ಅಂದರೆ ಪರದೆ, ಬಣ್ಣ, ನಕ್ಷೆಯ ಮೇಲೆ ಇರುತ್ತದೆ. ಗುಡ್ಡದಲ್ಲಿ ಕೈಹಿಡಿಯುವುದು ಎರಡನೇದು. ಬೆಳಗಿನಿಂದ ಸಂಜೆವರೆಗೆ ಎಲ್ಲೂ ತಪ್ಪಿಸದೆ ದಾರಿ ಬರೆಯುವ ಸಾಧನವೇ ಒಳ್ಳೆಯ ಸಾಧನ.

ಯಾಕೆ ಅಂತ ಕಪ್ಪತಗುಡ್ಡಕ್ಕೆ ಹೋದರೆ ಬೇಗ ಗೊತ್ತಾಗುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿರುವ ಈ ಗುಡ್ಡಸಾಲಿನ 244 ಚದರ ಕಿ.ಮೀ. ಭಾಗ 2019ರಲ್ಲಿ ವನ್ಯಜೀವಿಧಾಮವಾಯಿತು. ಹಾಗಾಗಿ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಒಳಗೆ ಹೋಗಬೇಕು. ಇಲ್ಲಿ ದಾರಿ ತಪ್ಪಿಸುವುದು ದಟ್ಟ ಕಾಡಲ್ಲ. ಕುರುಚಲು ಗಿಡ, ಮಳೆಗಾಲ ಮುಗಿದ ಮೇಲೆ ಸೊಂಟದವರೆಗೆ ಬೆಳೆದ ಹುಲ್ಲು, ಒಂದರ ಹಿಂದೆ ಒಂದು ದಿನ್ನೆ. ದನ, ಕುರಿ ಓಡಾಡಿ ಬಿದ್ದ ಕಾಲುದಾರಿಗಳು ಒಂದನ್ನೊಂದು ದಾಟುತ್ತಾ ಹೋಗುತ್ತವೆ. ಹತ್ತುವಾಗ ಎಲ್ಲ ದಾರಿಯೂ ಮೇಲಕ್ಕೇ ಹೋಗುತ್ತದೆ, ಚಿಂತೆ ಇಲ್ಲ. ಇಳಿಯುವಾಗ ಮಾತ್ರ ಒಂದು ಕವಲು ತಪ್ಪಿದರೆ ಬೇರೆಯೇ ಹಳ್ಳದ ಬುಡಕ್ಕೆ ಇಳಿಯುತ್ತೀರಿ. ಗುರುತಿಗೆ ಗುಡ್ಡದ ಮೇಲಿನ ವಿದ್ಯುತ್ ಗಾಳಿಯಂತ್ರ ನೋಡಿಕೊಳ್ಳೋಣ ಅಂದರೆ, ಅವೆಲ್ಲ ಒಂದೇ ತರ ಕಾಣುತ್ತವೆ.

‘ಕೈಯಾಗ ಮೊಬೈಲ್ ಐತಲ್ರೀ, ಮತ್ತ ಇದ್ಯಾಕ ಬೇಕು?’ ಅಂತ ನಮ್ಮ ಕಡೆ ಯಾರಾದರೂ ಕೇಳೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಫೋನಿನೊಳಗೂ ಜಿಪಿಎಸ್ ರಿಸೀವರ್ ಇದೆ, ಅದೂ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಟವರ್ ಹೋದರೆ ಜಿಪಿಎಸ್ ಹೋಯಿತು ಅಂದುಕೊಳ್ಳುತ್ತಾರೆ. ಹೋಗುವುದು ನಕ್ಷೆಯ ಚಿತ್ರ ಮಾತ್ರ. ಅದನ್ನು ಮೊದಲೇ ಇಳಿಸಿಕೊಂಡಿದ್ದರೆ ಫೋನೇ ದಾರಿ ತೋರಿಸುತ್ತದೆ. ಅರ್ಧ ದಿನದ ನಡಿಗೆಗೆ ಫೋನು ಮತ್ತೆ ಒಂದು ಪವರ್ ಬ್ಯಾಂಕ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಫೋನಿನ ಪರದೆ ಕಾಣದೆ ಬೆಳಕು ಹೆಚ್ಚಿಸುತ್ತೀರಿ, ಅದು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಬೆವರಿದ ಬೆರಳಿಗೆ ಟಚ್ ಓಗೊಡುವುದಿಲ್ಲ. ಕಲ್ಲಿನ ಮೇಲೆ ಒಮ್ಮೆ ಬಿದ್ದರೆ ದಾರಿಯ ಜೊತೆಗೆ ಮನೆಗೆ ಫೋನ್ ಮಾಡುವ ಉಪಾಯವೂ ಹೋಯಿತು. ಕೊನೆಯ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ. ದಾರಿಗೆ ಒಂದು, ಮಾತಿಗೆ ಒಂದು ಅಂತ ಬೇರೆ ಬೇರೆ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಇರುತ್ತದೆ.

ಸಾಧನ ಜಾಗ ಕಂಡುಹಿಡಿಯುವ ರೀತಿ ಸರಳವಾಗಿದೆ. ಜಿಪಿಎಸ್ ಅಮೆರಿಕದ ವ್ಯವಸ್ಥೆ. ಅದರ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ‘ನಾನು ಇಂಥವನು, ಈಗ ಗಂಟೆ ಇಷ್ಟು’ ಅಂತ ಹೇಳುತ್ತಲೇ ಇರುತ್ತವೆ. ಆ ಮಾತು ನಮ್ಮ ಕೈಗೆ ಬರಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಹಿಡಿಯುತ್ತದೆ. ಎಷ್ಟು ತಡವಾಯಿತು ಅನ್ನುವುದರಿಂದ ದೂರ ಲೆಕ್ಕ ಹಾಕಬಹುದು. ಮೂರು ಉಪಗ್ರಹಗಳ ದೂರ ಗೊತ್ತಾದರೆ ಜಾಗ ಸಿಗಬೇಕು, ಅಲ್ವಾ? ಆದರೆ ನಮ್ಮ ಸಾಧನದ ಗಡಿಯಾರ ಅಗ್ಗದ್ದು. ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಕಳೆಯಲು ನಾಲ್ಕನೇ ಉಪಗ್ರಹ ಬೇಕು. ನಾಲ್ಕು ಸಿಕ್ಕಿ ಜಾಗ ಗೊತ್ತಾದಾಗ ‘ಫಿಕ್ಸ್ ಸಿಕ್ಕಿತು’ ಅನ್ನುತ್ತಾರೆ.

ಫಿಕ್ಸ್ ಸಿಗುವ ಮುಂಚೆ ಪ್ರತಿ ಉಪಗ್ರಹದ ಕಕ್ಷೆಯ ವಿವರ ಬರಬೇಕು. ಅದು 30 ಸೆಕೆಂಡಿಗೊಮ್ಮೆ ಪ್ರಸಾರವಾಗುತ್ತದೆ. ಯಾವ ಉಪಗ್ರಹ ಎಲ್ಲಿರುತ್ತದೆ ಅನ್ನುವ ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಫೋನು ಇದನ್ನೆಲ್ಲ ಇಂಟರ್‌ನೆಟ್‌ನಿಂದ ಎಳೆದುಕೊಳ್ಳುವುದರಿಂದ ತಟ್ಟನೆ ಜಾಗ ತೋರಿಸುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಹ್ಯಾಂಡ್‌ಹೆಲ್ಡ್ ಹಾಗಲ್ಲ. ಗುಡ್ಡದ ಬುಡದ ಡೋಣಿ ಊರಿನಲ್ಲಿ ಬಸ್ಸಿಳಿದ ಕೂಡಲೇ ಅದನ್ನು ಆನ್ ಮಾಡಿ, ಬಯಲಿನಲ್ಲಿಟ್ಟು, ಚಹಾ ಕುಡಿಯಿರಿ. ‘ನಿಧಾನ, ಕೆಟ್ಟ ಮಾಲು’ ಅಂತ ಬೈಯುವ ಕಾರಣ ಇರುವುದಿಲ್ಲ.

ಇನ್ನು ವೇಪಾಯಿಂಟ್ ಮತ್ತು ಟ್ರ್ಯಾಕ್. ಇವೆರಡರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಎಷ್ಟೇ ದುಬಾರಿ ಸಾಧನವಿದ್ದರೂ ಉಪಯೋಗವಿಲ್ಲ. ವೇಪಾಯಿಂಟ್ ಅಂದರೆ ಗುರುತು ಹಾಕಿದ ಒಂದು ಜಾಗ: ಬೈಕು ನಿಲ್ಲಿಸಿದ ಮರ, ನೀರಿರುವ ದೊಣೆ, ಕವಲು. ಟ್ರ್ಯಾಕ್ ಅಂದರೆ ನೀವು ನಡೆದ ಗೆರೆ. ಸಾಧನ ತಾನಾಗಿ ಚುಕ್ಕಿ ಚುಕ್ಕಿಯಾಗಿ ಬರೆದದ್ದು. ಸಂಜೆ ಬೈಕಿನ ವೇಪಾಯಿಂಟ್ ಒತ್ತಿ ‘ಗೋ’ ಅಂದರೆ ಅದು ನೇರ ಗೆರೆ ತೋರಿಸುತ್ತದೆ. 1.2 ಕಿ.ಮೀ. ಅಂತ ಬರುತ್ತದೆ. ನಡುವೆ ಹಳ್ಳ ಇದೆಯೋ, ಕಡಿದಾದ ಬಂಡೆ ಇದೆಯೋ ಅದಕ್ಕೆ ಲೆಕ್ಕವಿಲ್ಲ. ಆ ಬಾಣ ನಂಬಿ ಇಳಿದವರು ಬಂಡೆಯ ತುದಿಯಲ್ಲಿ ನಿಲ್ಲುತ್ತಾರೆ. ಅದರ ಬದಲು ಟ್ರ್ಯಾಕ್‌ಬ್ಯಾಕ್ ಒತ್ತಿದರೆ ಬಂದ ದಾರಿಯನ್ನೇ ಹಿಂದಕ್ಕೆ ತೋರಿಸುತ್ತದೆ. ಅದು 3 ಕಿ.ಮೀ. ಇರಬಹುದು, ಆದರೆ ಬೆಳಿಗ್ಗೆ ನಿಮ್ಮ ಕಾಲೇ ದಾಟಿದ ದಾರಿ. ಅಂಗಡಿಯಲ್ಲಿ ಸಾಧನ ಕೈಗೆ ಬಂದಾಗ ಮೊದಲು ಇದನ್ನೇ ನೋಡಿ: ಎಷ್ಟು ಗುಂಡಿ ಒತ್ತಿದರೆ ಟ್ರ್ಯಾಕ್‌ಬ್ಯಾಕ್ ಸಿಗುತ್ತದೆ? ದಣಿದಾಗ, ಕತ್ತಲಾಗುವಾಗ ಆರು ಮೆನು ದಾಟುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಒಂದು ಸಣ್ಣ ವಿಷಯ. ಬುತ್ತಿ ಬಿಚ್ಚಿ ಕೂತಾಗಲೂ ಸಾಧನ ಚುಕ್ಕಿ ಹಾಕುತ್ತಲೇ ಇರುತ್ತದೆ. ಪ್ರತಿ ಚುಕ್ಕಿಯಲ್ಲೂ ಸ್ವಲ್ಪ ತಪ್ಪಿರುವುದರಿಂದ ಆ ಜಾಗದಲ್ಲಿ ಗೆರೆ ಗುಬ್ಬಿಗೂಡಿನ ಹಾಗೆ ಸಿಕ್ಕುಸಿಕ್ಕಾಗುತ್ತದೆ. ಅದು ಕೆಟ್ಟಿಲ್ಲ, ಗಾಬರಿ ಬೇಡ.

ಬ್ಯಾಟರಿ ವಿಷಯಕ್ಕೆ ಬಂದರೆ ನನ್ನ ಮಾತು ಗಟ್ಟಿ: ನಮ್ಮ ಕಡೆಗೆ ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ಲಿನ ಸಾಧನವೇ ಸರಿ. ಆ ಸೆಲ್ಲು ಡಂಬಳದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿ ಹೊಸದರಲ್ಲಿ ಬಹಳ ಹೊತ್ತು ಬರುತ್ತದೆ, ನಿಜ. ಆದರೆ ವರ್ಷಗಳಾದ ಮೇಲೆ ಅದು ಸೋತರೆ ಬದಲಿ ಹುಡುಕಬೇಕು. ಡಬಲ್ ಎ ಆದರೆ ಎರಡು ಹೊಸ ಸೆಲ್ ಹಾಕಿದರೆ ಮುಗಿಯಿತು. ಅಗ್ಗದ ಮಾಮೂಲಿ ಸೆಲ್ ಬೇಡ, ಬೇಗ ಖಾಲಿಯಾಗುತ್ತದೆ. ಆಲ್ಕಲೈನ್ ಇಲ್ಲವೇ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಹಾಕಿ. ಯಾವ ಜಾತಿಯ ಸೆಲ್ ಹಾಕಿದ್ದೀರಿ ಅಂತ ಸಾಧನದ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಹೇಳದಿದ್ದರೆ ಬ್ಯಾಟರಿ ಗುರುತು ತಪ್ಪು ತೋರಿಸುತ್ತದೆ.

ಡಬ್ಬದ ಮೇಲೆ ‘ಮಲ್ಟಿಬ್ಯಾಂಡ್’ ಅಂತ ಬರೆದಿದ್ದರೆ ಬೆಲೆ ಏರುತ್ತದೆ. ಉಪಗ್ರಹ ಒಂದೇ ತರಂಗದಲ್ಲಿ ಮಾತಾಡುವುದಿಲ್ಲ. ಹಳೆಯದು ಎಲ್1, ಹೊಸದು ಎಲ್5. ಎರಡನ್ನೂ ಕೇಳುವ ಸಾಧನ ವಾತಾವರಣದಲ್ಲಿ ಆಗುವ ತಡವನ್ನು ಚೆನ್ನಾಗಿ ಕಳೆಯುತ್ತದೆ. ಬಂಡೆಗೆ ಬಡಿದು ಬಂದ ಸಂಕೇತಕ್ಕೂ ಅಷ್ಟು ಮೋಸಹೋಗುವುದಿಲ್ಲ. ಇದು ಬೇಕಾ? ಕಪ್ಪತಗುಡ್ಡದಲ್ಲಿ, ಹಾವೇರಿ ಕಡೆಯ ಬಯಲು ಗುಡ್ಡಗಳಲ್ಲಿ ಬೇಡ. ಆಕಾಶ ತೆರೆದೇ ಇರುತ್ತದೆ, ಸಾದಾ ಸಾಧನಕ್ಕೂ ಉಪಗ್ರಹಗಳಿಗೆ ಬರವಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದವರು ದಾಂಡೇಲಿ, ಕ್ಯಾಸಲ್‌ರಾಕ್ ಕಡೆಗೂ ಹೋಗುತ್ತಾರಲ್ಲ, ಅಲ್ಲಿ ಲೆಕ್ಕ ಬೇರೆ. ಎತ್ತರದ ಮರ, ಒದ್ದೆ ಎಲೆ, ಆಳದ ಕಣಿವೆ. ಮೋಡ ಅಡ್ಡಿಯಲ್ಲ, ತಲೆ ಮೇಲಿನ ಎಲೆ ಚಪ್ಪರ ಮತ್ತು ಪಕ್ಕದ ಗುಡ್ಡ ಅಡ್ಡಿ. ವರ್ಷದಲ್ಲಿ ಹೆಚ್ಚು ಸಲ ಆ ಕಡೆ ಹೋಗುವವರು ಮಲ್ಟಿಬ್ಯಾಂಡ್‌ಗೆ ಹಣ ಹಾಕಿದರೆ ತಪ್ಪಿಲ್ಲ.

ಉಪಗ್ರಹ ವ್ಯವಸ್ಥೆಗಳ ಹೆಸರೂ ಡಬ್ಬದ ಮೇಲಿರುತ್ತವೆ: ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ. ನಮ್ಮದು ನಾವಿಕ್. ಇಸ್ರೋದ ಈ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದನ್ನು ನೋಡಿಕೊಳ್ಳುವ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಜಿಪಿಎಸ್ ಜೊತೆ ಇನ್ನೊಂದು ವ್ಯವಸ್ಥೆ ಇದ್ದರೂ ಸಾಕು, ಫಿಕ್ಸ್ ಗಟ್ಟಿಯಾಗುತ್ತದೆ.

ಪರದೆಯಲ್ಲಿ ತಪ್ಪಿನ ಅಳತೆ ‘3 ಮೀ.’ ಅಂತ ಕಂಡರೆ ಅದು ಅಂದಾಜು, ಗ್ಯಾರಂಟಿ ಅಲ್ಲ. ಆದರೂ ಇದು ದೊಡ್ಡ ಮಾತೇ. 2000ದ ಮೇ ತಿಂಗಳವರೆಗೆ ಅಮೆರಿಕ ಜನಸಾಮಾನ್ಯರ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿತ್ತು, ಸುಮಾರು 100 ಮೀಟರ್ ತನಕ ವ್ಯತ್ಯಾಸ ಬರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಈ ಸಾಧನಗಳು ಕಾಲುದಾರಿಗೆ ಉಪಯೋಗವಾದದ್ದು.

ದಿಕ್ಸೂಚಿ ಇರುವ ಮಾದರಿ ತಗೊಳ್ಳಬೇಕಾ? ಇದ್ದರೆ ಒಳ್ಳೆಯದು, ನಿಂತಲ್ಲೇ ದಿಕ್ಕು ತೋರಿಸುತ್ತದೆ. ಇಲ್ಲದ ಸಾಧನ ನಾಲ್ಕು ಹೆಜ್ಜೆ ನಡೆದ ಮೇಲೆ ಚಲನೆಯಿಂದ ದಿಕ್ಕು ಲೆಕ್ಕ ಹಾಕುತ್ತದೆ. ಕಪ್ಪತಗುಡ್ಡದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಈ ಗುಡ್ಡದಲ್ಲಿ ಕಬ್ಬಿಣದ ಅದಿರಿದೆ. ಅಂಥ ಕಲ್ಲಿನ ಹತ್ತಿರ ಕಾಂತದ ದಿಕ್ಸೂಚಿ ವಾಲಬಹುದು, ಅದು ಮುಳ್ಳಿನದ್ದಿರಲಿ ಸಾಧನದೊಳಗಿನದ್ದಿರಲಿ. ನಡೆಯುತ್ತಾ ಸಿಗುವ ಜಿಪಿಎಸ್ ದಿಕ್ಕಿಗೆ ಅದಿರಿನ ಬಾಧೆ ಇಲ್ಲ. ಬಾಣ ಅನುಮಾನ ಹುಟ್ಟಿಸಿದರೆ ಇಪ್ಪತ್ತು ಮೀಟರ್ ನೇರ ನಡೆದು ಟ್ರ್ಯಾಕ್ ಎತ್ತ ಬೆಳೆಯಿತು ಅಂತ ನೋಡಿ.

ಅಕ್ಷಾಂಶ ರೇಖಾಂಶ ಬರೆಯುವ ರೀತಿಯಲ್ಲೂ ಎಡವುವ ಜಾಗ ಒಂದಿದೆ. 15 ಡಿಗ್ರಿ 20 ನಿಮಿಷ ಅಂತ ಯಾರೋ ಕೊಟ್ಟದ್ದನ್ನು 15.20 ಅಂತ ಒತ್ತಿದರೆ ಸುಮಾರು 15 ಕಿ.ಮೀ. ಆಚೆ ಹೋಗುತ್ತೀರಿ, ಯಾಕೆಂದರೆ 20 ನಿಮಿಷ ಅಂದರೆ ಡಿಗ್ರಿಯ ಮೂರನೇ ಒಂದು ಭಾಗ, 15.3333 ಅಂತ ಒತ್ತಬೇಕು. ಗುಂಪಿನವರೆಲ್ಲ ಒಂದೇ ರೀತಿ ಇಟ್ಟುಕೊಳ್ಳಿ. ‘ಡೇಟಮ್’ ಅನ್ನುವ ಕಡೆ, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಯಾವ ಆಧಾರ ಅಂತ ಕೇಳುವ ಕಡೆ, ಡಬ್ಲ್ಯುಜಿಎಸ್84 ಇರಲಿ. ಸರ್ಕಾರದ ನಕ್ಷೆ ಸಂಸ್ಥೆ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಎತ್ತರ ತಗ್ಗು ತೋರಿಸುವ ನಕ್ಷೆ) ಬೇರೆ ಡೇಟಮ್‌ನದು. ಅದರ ಅಂಕಿಯನ್ನು ಹಾಗೇ ಒತ್ತಿದರೆ ನೂರು ಮೀಟರಿಗೂ ಮೀರಿ ಸರಿಯುತ್ತದೆ. ಅದೇ ಸಂಸ್ಥೆಯ ಹೊಸ ಓಪನ್ ಸೀರೀಸ್ ನಕ್ಷೆಗಳಲ್ಲಿ ಈ ತೊಂದರೆ ಇಲ್ಲ.

ಹೆಸರು ಹೇಳಿ ಅನ್ನುವವರಿಗೆ: ಗಾರ್ಮಿನ್ ಈಟ್ರೆಕ್ಸ್ 22ಎಕ್ಸ್‌ನಲ್ಲಿ ಬಣ್ಣದ ಪರದೆ, ನಕ್ಷೆ, ಎರಡು ಡಬಲ್ ಎ ಸೆಲ್‌ಗೆ ಕಂಪನಿ ಹೇಳುವ ಪ್ರಕಾರ 25 ಗಂಟೆ. 32ಎಕ್ಸ್‌ನಲ್ಲಿ ಅದಕ್ಕೆ ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವ್ಯವಸ್ಥೆ ಸೇರುತ್ತದೆ. ಈಟ್ರೆಕ್ಸ್ ಎಸ್‌ಇ ಕಪ್ಪು ಬಿಳುಪು, ನಕ್ಷೆ ಇಲ್ಲ, ಆದರೆ ಸೆಲ್ 168 ಗಂಟೆ ಬರುತ್ತದೆ ಅನ್ನುತ್ತಾರೆ. ಜಿಪಿಎಸ್‌ಮ್ಯಾಪ್ 65ಎಸ್ ಮಲ್ಟಿಬ್ಯಾಂಡ್, ಅದೂ ಡಬಲ್ ಎ, 16 ಗಂಟೆ. ಗದಗ ಸೀಮೆಯ ಗುಡ್ಡಗಳಿಗೆ ನಾನಾದರೆ 22ಎಕ್ಸ್ ಸಾಕು ಅನ್ನುತ್ತೇನೆ. ನಾಲ್ಕೂ ಗುಂಡಿಯವೇ, ಬೆವರಿಗೆ ಹೆದರುವುದಿಲ್ಲ.

ಒಂದನ್ನು ಮಾತ್ರ ತಿಳಿದೇ ಕೊಳ್ಳಿ. ಕೆಲವು ಮಾದರಿಗಳು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ಗಾರ್ಮಿನ್‌ನಲ್ಲಿ ಅದಕ್ಕೆ ಇನ್‌ರೀಚ್ ಅನ್ನುತ್ತಾರೆ; ಜಿಪಿಎಸ್‌ಮ್ಯಾಪ್ 67ರಲ್ಲಿ ಅದಿಲ್ಲ, 67ಐನಲ್ಲಿ ಇದೆ. ಹೆಸರಿನ ಕೊನೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಭಾರತದಲ್ಲಿ ಅಂಥ ಸಾಧನವನ್ನು ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅದನ್ನು ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದದ್ದುಂಟು. ಹೊರದೇಶದಲ್ಲಿರುವ ಅಣ್ಣನೋ ಅಕ್ಕನೋ ‘ಒಂದು ತರಲಾ?’ ಅಂದರೆ ಮೊದಲು ಮಾದರಿಯ ಹೆಸರು ಪೂರ್ತಿ ಕೇಳಿ. ಸಂಕೇತ ಕೇಳಿಸಿಕೊಳ್ಳುವುದಷ್ಟೇ ಮಾಡುವ ಸಾದಾ ಜಿಪಿಎಸ್‌ಗೆ ಈ ತಂಟೆ ಇಲ್ಲ. ಅದೇ ಕಾರಣಕ್ಕೆ, ಕೈಯಲ್ಲಿ ಜಿಪಿಎಸ್ ಇದೆ ಅಂದ ಮಾತ್ರಕ್ಕೆ ನೀವು ಎಲ್ಲಿದ್ದೀರಿ ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ. ಹೊರಡುವಾಗ ಎಲ್ಲಿಂದ ಹತ್ತಿ ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿಯೇ ಹೋಗಬೇಕು.

ಕೊಂಡ ಮೇಲೆ ನೇರ ಗುಡ್ಡಕ್ಕೆ ಒಯ್ಯಬೇಡಿ. ಹುಬ್ಬಳ್ಳಿಯವರಾದರೆ ಉಣಕಲ್ ಕೆರೆಯ ದಂಡೆಯ ಮೇಲೆ ಟ್ರ್ಯಾಕ್ ಹಾಕಿಕೊಂಡು ನಡೆಯಿರಿ. ಆ ಗೆರೆಯನ್ನು ಸಾಧನ ಉಳಿಸಿಟ್ಟ ಜಿಪಿಎಕ್ಸ್ ಫೈಲನ್ನು ಮನೆಯಲ್ಲಿ ಉಪಗ್ರಹ ಚಿತ್ರದ ಮೇಲೆ ಹಾಕಿ ನೋಡಿ. ಗೆರೆ ಅಲ್ಲಲ್ಲಿ ನೀರಿಗೆ ಇಳಿದಿದ್ದರೆ ನಿಮ್ಮ ಸಾಧನದ ತಪ್ಪು ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ಒಮ್ಮೆ ಸಾಧನವನ್ನು ಬ್ಯಾಗಿನ ತಳದಲ್ಲಿಟ್ಟು, ಇನ್ನೊಮ್ಮೆ ಭುಜದ ಪಟ್ಟಿಗೆ ಕಟ್ಟಿ ನಡೆದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಆಕಾಶ ಕಾಣುವ ಹಾಗೆ ಭುಜದ ಮೇಲಿಟ್ಟರೆ ಬೇರೆ ಯಾವ ಖರ್ಚೂ ಇಲ್ಲದೆ ಗೆರೆ ಸುಧಾರಿಸುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೊಳ್ಳಬಹುದು. ಸೆಲ್ ಕೂರುವ ಜಾಗದ ತಗಡಿನ ಮೇಲೆ ಹಸಿರು, ಬಿಳಿ ಪುಡಿ ಇದೆಯಾ ನೋಡಿ. ಸೋರಿದ ಸೆಲ್ಲಿನ ಗುರುತು ಅದು. ಸುತ್ತಲಿನ ರಬ್ಬರ್ ಪಟ್ಟಿ ಸಡಿಲವಾಗಿದ್ದರೆ ನೀರು ಒಳಗೆ ಹೋಗುತ್ತದೆ. ಫಿಕ್ಸ್ ಸಿಕ್ಕ ಮೇಲೆ ತಾರೀಕು ನೋಡಿ. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಅಪ್‌ಡೇಟ್ ಆಗದ ಕೆಲವು ಹಳೆಯ ಸಾಧನಗಳು ಆಮೇಲೆ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತವೆ. ಅಂಥದು ಕಂಡರೆ, ಆ ಮಾದರಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೆಯೇ ಅಂತ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.