ಸೀರೀಸ್ ಬಲ್ಬ್ ಉರಿದರೆ ಒಳ್ಳೆಯದಾ, ಕೆಟ್ಟದ್ದಾ?

ಕಾಸರಗೋಡಿನ ಉಪ್ಪಳದ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ತಲೆಯಿಂದ ಜಾರುವ ಮೊದಲು ಬರೆದಿಡುತ್ತಿದ್ದೇನೆ. ಮೀಟರ್ ಹಿಡಿಯುವುದು, ಸೋಲ್ಡರ್ ಮಾಡುವುದು ನಿಮಗೆ ಗೊತ್ತುಂಟು ಅಂದುಕೊಳ್ಳುತ್ತೇನೆ.

ಅಂಗಡಿಗೆ ಬರುವ ಎಷ್ಟೋ ಸಾಮಾನನ್ನು ಮೊದಲೇ ಯಾರೋ ಬಿಚ್ಚಿರುತ್ತಾರೆ. ಮೊನ್ನೆ ಒಂದು ಇಂಡಕ್ಷನ್ ಸ್ಟೌ ಬಂತು. "ಫ್ಯೂಸ್ ಪೋಯತೇ ಉಳ್ಳೂ" ಅಂದರು ತಂದವರು, ಫ್ಯೂಸ್ ಹೋದದ್ದಷ್ಟೇ ಅಂತ. ಬಿಚ್ಚಿದರೆ ಫ್ಯೂಸಿನ ಜಾಗದಲ್ಲಿ ತಾಮ್ರದ ನಾಲ್ಕು ಎಳೆ! ಮೊದಲು ಶಾರ್ಟ್ ಆದದ್ದು ಐಜಿಬಿಟಿ, ಅಂದರೆ ಸ್ಟೌವಿನ ಕಾಯಿಲಿಗೆ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್. ಫ್ಯೂಸ್ ಹೋದದ್ದು ಅದರಿಂದ. ತಂತಿ ಸುತ್ತಿ ಮತ್ತೆ ಕರೆಂಟು ಕೊಟ್ಟಾಗ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಒಡೆದು, ಬೋರ್ಡಿನ ಟ್ರ್ಯಾಕ್ ಸಿಪ್ಪೆಯ ಹಾಗೆ ಎದ್ದಿತ್ತು.

ಇಂಥದ್ದಕ್ಕೇ ಸೀರೀಸ್ ಬಲ್ಬ್ ಇರುವುದು. ಫೇಸ್ ವಯರಿನ ನಡುವೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್, ಆಮೇಲೆ ಸಾಕೆಟ್. ನೋಡಬೇಕಾದ ಸಾಮಾನಿನ ಪ್ಲಗ್ಗನ್ನು ಆ ಸಾಕೆಟಿಗೆ ಹಾಕುವುದು. ಎಲ್‌ಇಡಿ ಬಲ್ಬ್ ಹಾಕಿದರೆ ಆಗುವುದಿಲ್ಲ. ನನಗೆ ತಲೆ ಕೆಟ್ಟದ್ದು ಇಲ್ಲೇ. ಬಲ್ಬ್ ಜೋರಾಗಿ ಉರಿದರೆ ಕರೆಂಟು ಚೆನ್ನಾಗಿ ಹೋಗುತ್ತಿದೆ, ಸಾಮಾನು ಸರಿ ಇದೆ ಅಂತಲೇ ಎಣಿಸಿದ್ದೆ. ಪೂರ್ತಿ ಉಲ್ಟಾ.

ಹೀಗೆ ನೋಡಿ. 230 ವೋಲ್ಟನ್ನು ಬಲ್ಬ್ ಮತ್ತು ಸಾಮಾನು ಹಂಚಿಕೊಳ್ಳಬೇಕು. ಸಾಮಾನು ಶಾರ್ಟ್ ಆಗಿದ್ದರೆ ಅದರ ಪಾಲು ಸೊನ್ನೆ. 230 ಪೂರ್ತಿ ಬಲ್ಬಿಗೇ ಸಿಗುತ್ತದೆ, ಅದು ಮನೆಯಲ್ಲಿ ಉರಿಯುವ ಹಾಗೇ ಉರಿಯುತ್ತದೆ. ಆದರೂ ಹರಿಯುವುದು 0.43 ಆಂಪಿಯರ್ ಮಾತ್ರ, ಹಾಗಾಗಿ ಬೋರ್ಡು ಸಿಡಿಯುವುದಿಲ್ಲ. ಟಿವಿಯ ಪವರ್ ಸಪ್ಲೈ ಸರಿ ಇದ್ದರೆ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಆ ಮಿಂಚು ದೊಡ್ಡ ಕೆಪಾಸಿಟರ್ ತುಂಬಿಕೊಳ್ಳುವುದು. ಉರಿಯದೇ ಇದ್ದರೆ ದಾರಿ ಎಲ್ಲೋ ಕಡಿದಿದೆ.

ಇಷ್ಟು ಗೊತ್ತಾದ ಖುಷಿಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಸೀರೀಸಿಗೆ ಹಾಕಿದೆ. ಬಲ್ಬ್ ಝಗ್ಗಂತ ಉರಿಯಿತು. "ಅಣ್ಣಾ, ಇದು ಶಾರ್ಟ್" ಅಂದೆ, ಬಿಚ್ಚಿಯೂ ಬಿಟ್ಟೆ. ನನಗೆ ಕೆಲಸ ಕಲಿಸುವ ಅಣ್ಣ ನಕ್ಕರು. "ಮಾರಾಯಾ, ಒಳಗಿನ ಕಾಯಿಲಿಗೆ ಏನೂ ಆಗಲಿಲ್ಲ. ವಯರ್ ಪ್ಲಗ್ಗಿನ ಹತ್ತಿರ ಕಡಿದಿದೆ, ಅಲ್ಲಾಡಿಸಿದರೆ ತಾಗುತ್ತದೆ, ಅಷ್ಟೇ. ಲೆಕ್ಕ ಹಾಕಿ ನೋಡು."

ಹಾಕಿದೆ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಓಮ್. 230 ಗುಣಿಸು 230 ಅಂದರೆ 52,900. ಸಾವಿರ ವ್ಯಾಟಿನ ಇಸ್ತ್ರಿಗೆ ಸುಮಾರು 53 ಓಮ್, ಉರಿಯುವ 100 ವ್ಯಾಟಿನ ಬಲ್ಬಿಗೆ 529. ಬಲ್ಬ್ ಹತ್ತು ಪಾಲು, ಇಸ್ತ್ರಿ ಒಂದು ಪಾಲು. ಹನ್ನೊಂದರಲ್ಲಿ ಹತ್ತು ಅಂದರೆ 209 ವೋಲ್ಟು ಬಲ್ಬಿಗೇ ಹೋಯಿತು! ಉರಿಯದೆ ಇನ್ನೇನು? ಹಾಗಾಗಿ ಇಸ್ತ್ರಿ, ಗೀಸರ್, ಕೆಟಲ್ ತರಹದ ಹೀಟರಿಗೆ ಸೀರೀಸ್ ಬಲ್ಬನ್ನು ನಂಬಬೇಡಿ. ಪ್ಲಗ್ ತೆಗೆದು ಮೀಟರಿನಲ್ಲಿ ಓಮ್ ನೋಡಿ. ಸಾವಿರ ವ್ಯಾಟಿನದ್ದಕ್ಕೆ 53ರ ಹತ್ತಿರ ಬಂದರೆ ಕಾಯಿಲ್ ಸರಿ. ಪ್ಲಗ್ಗಿನ ಪಿನ್ನಿನಿಂದ ಮೈಗೆ ಲೀಕೇಜ್ ಇದೆಯಾ ಅಂತ ಬೇರೆ ನೋಡಬೇಕು. ಬಿಚ್ಚಿದ ಇಸ್ತ್ರಿಯನ್ನು ಮತ್ತೆ ಜೋಡಿಸಲು ನನಗೆ ಒಂದು ಗಂಟೆ ಬೇಕಾಯಿತು. ಆ ದಿನ ಎಡವಟ್ಟು ರಿಪೇರಿಯವನು ನಾನೇ.

ಉಳಿದದ್ದು ಬೇಗ ಹೇಳುತ್ತೇನೆ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಟ್ರ್ಯಾಕ್ ಸುಟ್ಟವರನ್ನು ನೋಡಿದ್ದೇನೆ. ಅದರ ಬದಲು ಎರಡು ವಯರ್ ಕಟ್ಟಿದ ಫಿಲಮೆಂಟ್ ಬಲ್ಬನ್ನು ಕೆಪಾಸಿಟರಿನ ಎರಡು ಕಾಲಿಗೆ ತಾಗಿಸಿ ಖಾಲಿ ಮಾಡಿ, ಆಮೇಲೆ ಮೀಟರಿನಲ್ಲಿ ನೋಡಿ.

ಫ್ಯಾನ್ ನಿಧಾನ ಅಂತ 2.5 ಮೈಕ್ರೋಫ್ಯಾರಡಿನ ಕೆಪಾಸಿಟರಿನ ಜಾಗಕ್ಕೆ 4ರದ್ದು ಹಾಕುವುದುಂಟು. ವೈಂಡಿಂಗ್ ಬಿಸಿಯಾಗುತ್ತದೆ. ಹಳೆಯದನ್ನು ಅಳೆದರೆ ಒಂದೂವರೆಗೆ ಇಳಿದಿರುತ್ತದೆ, ಅದೇ 2.5ರ ಹೊಸದು ಹಾಕಿದರೆ ಸಾಕು.

ಇನ್ನೊಂದು ನಮ್ಮ ಕಡೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿನ ನಂತರ ಬರುವುದು. ಫ್ಯೂಸಿನ ಆಚೆ ಬಿಲ್ಲೆಯ ಹಾಗೆ ಕೂತ ಎಂಒವಿ, ಅಂದರೆ ವೋಲ್ಟೇಜ್ ಒಮ್ಮೆಲೇ ಏರಿದಾಗ ಅದನ್ನು ತಾನು ತೆಗೆದುಕೊಂಡು ಬೋರ್ಡನ್ನು ಕಾಯುವ ಭಾಗ, ಶಾರ್ಟ್ ಆಗಿ ಫ್ಯೂಸ್ ಹೋಗಿರುತ್ತದೆ. ಯಾರೋ ಅದನ್ನು ಕತ್ತರಿಸಿ ಬಿಸಾಡಿ ಹೊಸ ಫ್ಯೂಸ್ ಹಾಕುತ್ತಾರೆ. ಟಿವಿ ಚೆನ್ನಾಗಿಯೇ ಓಡುತ್ತದೆ, ಸೀರೀಸ್ ಬಲ್ಬೂ ಮಂಕಾಗಿ ಸರಿ ಅನ್ನುತ್ತದೆ. ಮುಂದಿನ ಸಿಡಿಲಿಗೆ ಪವರ್ ಐಸಿಯೇ ಹೋಗಿರುತ್ತದೆ. ಈಗ ನಾನು ಬೋರ್ಡು ಕೈಗೆ ಬಂದ ಕೂಡಲೇ ಫ್ಯೂಸಿನ ಹತ್ತಿರ ಕತ್ತರಿಸಿದ ಎರಡು ಕಾಲು ಉಂಟಾ ಅಂತ ಹುಡುಕುತ್ತೇನೆ.