ಹತ್ತಕ್ಕೆ ಮುಚ್ಚುವ ಹೋಟೆಲ್ಲು, ಹನ್ನೆರಡರ ಆಸೆ: ಸಿಯುಪಿ ತಿದ್ದುಪಡಿಯ ಟಿಪ್ಪಣಿ

ಕ್ಯಾಲಿಫೋರ್ನಿಯಾದ ಭೂಬಳಕೆ ಕಾನೂನು ಓದುವಾಗ ಎರಡು ವಾರ ನನ್ನ ತಲೆ ತಿಂದ ಪಾಠ ಇದು. ಅರ್ಥವಾದದ್ದು ಆರುವ ಮುಂಚೆ ಬರೆದಿಡುತ್ತಿದ್ದೇನೆ.

ಒಂದು ಕಲ್ಪಿತ ದೋಸೆ ಹೋಟೆಲ್ಲು ಇಟ್ಟುಕೊಳ್ಳೋಣ. ಮುಂದೆ ಅಂಗಡಿ ಬೀದಿ, ಹಿಂದೆ ಮನೆಗಳು. ಆ ವಲಯದಲ್ಲಿ ಇಂಥ ಹೋಟೆಲ್ಲು ತಾನಾಗಿಯೇ ಸಲ್ಲುವುದಿಲ್ಲ, ಪೂರ್ತಿ ನಿಷಿದ್ಧವೂ ಅಲ್ಲ. ನಗರ ನೋಡಿ, ಷರತ್ತು ಹಾಕಿ, ಒಪ್ಪಬೇಕು. ಆ ಒಪ್ಪಿಗೆಯೇ ಕಂಡೀಷನಲ್ ಯೂಸ್ ಪರ್ಮಿಟ್, ಎಲ್ಲರ ಬಾಯಲ್ಲೂ ಸಿಯುಪಿ. ನಮ್ಮ ಹೋಟೆಲ್ಲಿನ ಷರತ್ತುಗಳು: ರಾತ್ರಿ 10ಕ್ಕೆ ಬಾಗಿಲು, ಹಿತ್ತಿಲಲ್ಲಿ ಆಸನ ಇಲ್ಲ, ಬಿಯರ್ ಮತ್ತು ವೈನ್ ಊಟದ ಜೊತೆ ಮಾತ್ರ. ಮಾಲೀಕನಿಗೆ ಈಗ ಶುಕ್ರವಾರ, ಶನಿವಾರ 12ರವರೆಗೆ ತೆರೆದಿರಬೇಕು, ಹಿತ್ತಿಲಲ್ಲಿ 20 ಕುರ್ಚಿ ಬೇಕು. ಆ ಸಡಿಲಿಕೆಗೆ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದೇ ನನಗೆ ಕೊಟ್ಟ ಅಭ್ಯಾಸದ ಪ್ರಶ್ನೆ.

ಮೊದಲ ಎಡವಟ್ಟು: ಪರ್ಮಿಟ್ ಮಾಲೀಕನದು ಅಂದುಕೊಂಡಿದ್ದೆ. ಅಲ್ಲ, ಅದು ಜಾಗದ್ದು. ಪಹಣಿಯಲ್ಲಿ ಸಾಲದ ನಮೂದಿದ್ದರೆ ಹೊಲ ಕೊಂಡವನಿಗೂ ಅದು ಅಂಟುತ್ತದಲ್ಲ, ಹಾಗೆ. 1987ರಲ್ಲಿ ಬರ್ಲಿಂಗೇಮ್ ನಗರ ಒಂದು ಪಾರ್ಕಿಂಗ್ ಕಂಪನಿಯ ಪರ್ಮಿಟ್ಟಿಗೆ ‘ಬೇರೆಯವರಿಗೆ ವರ್ಗವಾಗಕೂಡದು’ ಅಂತ ಹಾಕಿದ್ದ ಷರತ್ತನ್ನು ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಹಾಗಾಗಿ ‘ಆ ಷರತ್ತು ಹಿಂದಿನ ಮಾಲೀಕನಿಗೆ ಹಾಕಿದ್ದು, ನನಗಲ್ಲ’ ಅನ್ನುವ ವಾದ ನಡೆಯುವುದಿಲ್ಲ. ‘ನಾನು ಒಳ್ಳೆಯವನು, ಆದ್ದರಿಂದ ಸಡಿಲಿಸಿ’ ಅನ್ನುವುದೂ ಅಷ್ಟೇ ದುರ್ಬಲ. ನಾಳೆ ಅಂಗಡಿ ಕೈ ಬದಲಾದರೆ ಆ 12 ಗಂಟೆ ಹೊಸಬನ ಪಾಲಾಗುತ್ತದೆ.

ಎರಡನೆಯದು ಸಣ್ಣದು. ಒಂದು ಸಾಲು ತಿದ್ದಲು ಅರ್ಜಿ ಗುಜರಾಯಿಸಿದರೆ ಸಾಕೇ? ಸಾಲದು. ರಾಜ್ಯದ ಗವರ್ನಮೆಂಟ್ ಕೋಡ್ 65905 ಪರ್ಮಿಟ್ ತಿದ್ದುಪಡಿಗೂ ಸಾರ್ವಜನಿಕ ವಿಚಾರಣೆ ಕೇಳುತ್ತದೆ. ಕನಿಷ್ಠ 10 ದಿನ ಮುಂಚೆ 300 ಅಡಿ ಒಳಗಿನ ಆಸ್ತಿ ಮಾಲೀಕರಿಗೆ ನೋಟಿಸ್ ಹೋಗಬೇಕು. ಲಾಸ್ ಏಂಜಲೀಸ್‌ನಂಥ ಚಾರ್ಟರ್ ನಗರಗಳಿಗೆ (ಸ್ವಂತ ಸನ್ನದಿನ ಮೇಲೆ ನಡೆಯುವವು) ತಮ್ಮದೇ ಸಂಹಿತೆ ಇರುತ್ತದೆ, ಅದನ್ನು ಬೇರೆಯಾಗಿ ನೋಡಿ.

ಈಗ ನಾನು ನಿಜವಾಗಿ ಮುಗ್ಗರಿಸಿದ ಜಾಗ: ಫೈಂಡಿಂಗ್ಸ್, ಅಂದರೆ ಒಪ್ಪುವ ಮುಂಚೆ ನಗರ ಸಾಕ್ಷ್ಯ ನೋಡಿ ದಾಖಲಿಸಬೇಕಾದ ಅಂಶಗಳು. ನಿರ್ಣಯ ಅಂತ ಕನ್ನಡಿಸಿದರೆ ದಾರಿ ತಪ್ಪುತ್ತದೆ. ನಿರ್ಣಯ ಆಮೇಲೆ ಬರುವುದು. ‘ಸಾಕ್ಷ್ಯದಿಂದ ನಾವು ಕಂಡುಕೊಂಡದ್ದು’ ಅಂದರೆ ಹತ್ತಿರ. ಬಹುತೇಕ ನಗರಗಳ ಸಂಹಿತೆ ಹೇಳುವುದು ಹೆಚ್ಚುಕಡಿಮೆ ಒಂದೇ: ಬಳಕೆ ಸುತ್ತಮುತ್ತಲಿಗೆ ಹೊಂದಬೇಕು, ನೆರೆಯ ಆರೋಗ್ಯ, ಸುರಕ್ಷತೆ, ಹಿತಕ್ಕೆ ಕುಂದು ತರಬಾರದು, ಜನರಲ್ ಪ್ಲಾನಿಗೆ (ನಗರದ ದೀರ್ಘಾವಧಿ ಬೆಳವಣಿಗೆಯ ಯೋಜನೆ) ಅನುಗುಣವಾಗಿರಬೇಕು. ನನ್ನ ಮೊದಲ ಉತ್ತರ: ‘ವ್ಯಾಪಾರ ಕುಸಿದಿದೆ, ಬಾಡಿಗೆ ಏರಿದೆ, ಆದ್ದರಿಂದ 12 ಗಂಟೆ ಬೇಕು.’ ಸೊನ್ನೆ. ಪ್ರತಿಯೊಂದು ಪ್ರಶ್ನೆಯೂ ಹಿತ್ತಿಲಾಚೆಯ ಮನೆಯ ಬಗ್ಗೆ ಇದ್ದರೆ ನಾನು ಗಲ್ಲಾಪೆಟ್ಟಿಗೆಯ ಬಗ್ಗೆ ಬರೆದಿದ್ದೆ.

ಎರಡನೇ ಉತ್ತರ: ‘ಈ ತಿದ್ದುಪಡಿಯಿಂದ ನೆರೆಯವರಿಗೆ ತೊಂದರೆಯಾಗುವುದಿಲ್ಲ.’ ಅದಕ್ಕೂ ಸೊನ್ನೆ! ಸಂಹಿತೆಯ ಮಾತನ್ನೇ ತಿರುಗಿಸಿ ಬರೆದರೆ ಅದು ಫೈಂಡಿಂಗ್ ಅಲ್ಲ. ಯಾಕೆ ಅನ್ನುವುದು 1974ರ ಟೊಪಾಂಗಾ ತೀರ್ಪು ಓದಿದ ಮೇಲೆ ಹೊಳೆಯಿತು. ಟೊಪಾಂಗಾ ಕಣಿವೆಯ 28 ಎಕರೆಯಲ್ಲಿ 93 ಮೊಬೈಲ್ ಮನೆಗಳಿಗೆ ಲಾಸ್ ಏಂಜಲೀಸ್ ಕೌಂಟಿ ರಿಯಾಯಿತಿ ಕೊಟ್ಟಿತ್ತು. ಯೋಜನೆ ಎಷ್ಟು ಚೆಂದ ಅನ್ನುವುದಕ್ಕೆ ಬೇಕಾದಷ್ಟು ಮಾತಿತ್ತು. ಪಕ್ಕದ ಜಮೀನುಗಳಿಗಿಂತ ಈ ಜಮೀನು ಹೇಗೆ ಬೇರೆ ಅನ್ನುವುದಕ್ಕೆ ಆಧಾರವೇ ಇರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಲಿಲ್ಲ: ಹಸಿ ಸಾಕ್ಷ್ಯಕ್ಕೂ ಕೊನೆಯ ತೀರ್ಮಾನಕ್ಕೂ ನಡುವಿನ ಕಂದಕಕ್ಕೆ ಫೈಂಡಿಂಗ್ಸ್ ಸೇತುವೆಯಾಗಬೇಕು. ಅಲ್ಲಿದ್ದದ್ದು ವೇರಿಯನ್ಸ್ (ಒಂದು ಜಮೀನಿಗೆ ವಲಯ ನಿಯಮದಿಂದ ಕೊಡುವ ರಿಯಾಯಿತಿ), ಸಿಯುಪಿ ಅಲ್ಲ, ಆದರೆ ಸೇತುವೆಯ ನಿಯಮ ಇಲ್ಲಿಗೂ ಅನ್ವಯ.

ನನ್ನ ಕಳ್ಳದಾರಿ ಇದು, ಬೇಕಾದರೆ ತೆಗೆದುಕೊಳ್ಳಿ. ಪ್ರತಿ ವಾಕ್ಯದ ಕೊನೆಗೆ ‘ಏಕೆಂದರೆ’ ಸೇರಿಸಿ. ಅದರಾಚೆಗೆ ಕಡತದಲ್ಲಿ ಬೆರಳಿಟ್ಟು ತೋರಿಸಬಹುದಾದ ಸಂಗತಿ ಬರದಿದ್ದರೆ ವಾಕ್ಯ ಹೊಡೆದುಹಾಕಿ. ‘ತೊಂದರೆಯಾಗುವುದಿಲ್ಲ, ಏಕೆಂದರೆ ಹಿತ್ತಿಲ ಕುರ್ಚಿಗಳು 9ಕ್ಕೇ ಖಾಲಿ, 12ರವರೆಗೆ ತೆರೆಯುವುದು ಒಳಾಂಗಣ ಮಾತ್ರ, ಧ್ವನಿ ಅಧ್ಯಯನದ ಪ್ರಕಾರ ಬೇಲಿಯ ಬಳಿಯ ಸದ್ದು ನಗರದ ರಾತ್ರಿ ಮಿತಿಯ ಒಳಗಿದೆ.’ ಇಲ್ಲಿ ಮಜಾ ನೋಡಿ: ಏಕೆಂದರೆ ಹುಡುಕುತ್ತಾ ಹೋದಾಗ ಅರ್ಜಿಯೇ ಬದಲಾಯಿತು. ಕುರ್ಚಿಯನ್ನೂ ಗಂಟೆಯನ್ನೂ ಒಂದೇ ಗಂಟು ಕಟ್ಟಿ ಕೇಳಿದ್ದವನು ಬಿಡಿಸಿ ಕೇಳತೊಡಗಿದೆ. ಹಳೆಯ ಷರತ್ತು ಯಾಕೆ ಬಂತು ಅನ್ನುವುದು ಹಳೆಯ ವಿಚಾರಣೆಯ ವರದಿಯಲ್ಲೇ ಇರುತ್ತದೆ, ಅದನ್ನು ಮೊದಲು ತೆಗೆಸಿ ಓದಿ. ಸದ್ದಿಗೆ ಹೆದರಿ ಹಾಕಿದ ಷರತ್ತಿಗೆ ಪಾರ್ಕಿಂಗ್ ಲೆಕ್ಕ ಕೊಟ್ಟು ಉಪಯೋಗವಿಲ್ಲ.

ಪರಿಸರ ಪರಿಶೀಲನೆ: ಈಗಿರುವ ಕಟ್ಟಡ, ವಿಸ್ತರಣೆ ನಗಣ್ಯ ಅಂದರೆ ಸಾಮಾನ್ಯವಾಗಿ ರಾಜ್ಯದ ಪರಿಸರ ಕಾನೂನಾದ ಸೀಕ್ವಾದ ಕ್ಲಾಸ್ 1 ವಿನಾಯಿತಿ. ಮುಂದಕ್ಕೆ ಹೋಗೋಣ.

ಮದ್ಯದ ವಿಷಯ ಬೇರೆಯೇ ಕಡತ. ಲೈಸೆನ್ಸ್ ಕೊಡುವುದು ರಾಜ್ಯದ ಮದ್ಯ ನಿಯಂತ್ರಣ ಇಲಾಖೆ, ಎಬಿಸಿ. ಬಿಯರ್-ವೈನ್ ಊಟದ ಮನೆಗೆ ಟೈಪ್ 41, ಎಲ್ಲ ಬಗೆಯ ಮದ್ಯಕ್ಕೆ ಟೈಪ್ 47. ರಾಜ್ಯ ಕಾನೂನು ಮಾರಾಟ ನಿಷೇಧಿಸುವುದು ಬೆಳಗಿನ ಜಾವ 2ರಿಂದ 6ರವರೆಗೆ. ಹಾಗಂತ ಸಿಯುಪಿಯ 10 ಗಂಟೆ ಕರಗುವುದಿಲ್ಲ. ಎರಡರಲ್ಲಿ ಬಿಗಿಯಾದದ್ದೇ ಕಟ್ಟುತ್ತದೆ. ನಗರ 12 ಕೊಟ್ಟ ಮೇಲೂ ಲೈಸೆನ್ಸಿನ ಮೇಲೇ ಗಂಟೆಯ ಷರತ್ತಿದ್ದರೆ ಅದನ್ನು ಎಬಿಸಿಯಲ್ಲೇ ತಿದ್ದಿಸಬೇಕು.

ಕೊನೆಗೆ ಗಡುವು. ಅರ್ಜಿ ವಿಚಾರಿಸುವ ನಗರದ ಪ್ಲಾನಿಂಗ್ ಕಮಿಷನ್ 12ಕ್ಕೆ ಒಪ್ಪಿ, ಜೊತೆಗೆ ಕಾವಲುಗಾರ ಬೇಕು ಅಂತ ಹೊಸ ಷರತ್ತು ಸೇರಿಸಿತು ಅನ್ನಿ. ಮೊದಲು ನಗರದೊಳಗಿನ ಮೇಲ್ಮನವಿ. ಅದರ ಗಡುವು ಊರೂರಿಗೆ ಬೇರೆ. ಅಂತಿಮ ತೀರ್ಮಾನದ ನಂತರ ಕೋರ್ಟಿಗೆ 90 ದಿನ, ಗವರ್ನಮೆಂಟ್ ಕೋಡ್ 65009ರ ಲೆಕ್ಕ. ಇಲ್ಲಿ ನನ್ನ ಅಂಕ ಹೋಯಿತು: 90 ದಿನದೊಳಗೆ ದಾವೆ ಹೂಡಿದರಷ್ಟೇ ಸಾಲದು, ನಗರಕ್ಕೆ ಸಮನ್ಸ್ ಜಾರಿಯೂ ಆಗಿರಬೇಕು.